ಹನ್ನೆರಡನೆಯ ಬುಟ್ಟಿಯ ಕಬ್ಬು

ಕಳೆದ ವಾರ ಕೆಲಸದ ಮೇಲೆ ಮಂಗಸೂಳಿಗೆ ಹೋಗಿದ್ದೆ. ಹನಿ ನೀರಾವರಿಯ ಕೊಳವೆ ಹಾಕುವ ಮುಂಚೆ ಹೊಲ ಅಳೆದು ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಮರಳಿ ಉಗಾರ ಬುದ್ರುಕಕ್ಕೆ ಬರುವಾಗ ಯಾರೋ ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ್ದರು. ಒಣ ಎಲೆಯ ಹೊಗೆಯ ಜೊತೆ, ಅಲ್ಲಲ್ಲಿ ಉಳಿದುಹೋದ ಕಬ್ಬಿನ ರಸ ಕುದಿದು ಸೀದ ವಾಸನೆ, ಬೆಲ್ಲ ತಳ ಹಿಡಿದಾಗ ಬರುವಂಥದ್ದು. ಸ್ಕೂಟಿ ನಿಲ್ಲಿಸಿ ರಸ್ತೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಮನೆಗೆ ಬಂದು ಆ ವರ್ಷದ ದಿನಚರಿ ತೆಗೆದೆ.

ನನ್ನ ದಿನಚರಿಯಲ್ಲಿ ಭಾವನೆ ಕಡಿಮೆ, ಲೆಕ್ಕ ಹೆಚ್ಚು. ಗಾಳಿ ಯಾವ ದಿಕ್ಕಿನಿಂದ ಬಂತು, ಅಭ್ಯಾಸಕ್ಕೆ ಯಾರು ಬಂದರು, ಯಾವ ಬುಟ್ಟಿಗೆ ಎಷ್ಟು ಎಸೆತ. ಮೃಗಶಿರಾ ಮಳೆಯಿಂದ ಸಂಕ್ರಾಂತಿಯ ನಂತರದ ವಾರದವರೆಗೆ ಒಂದು ದಿನವೂ ತಪ್ಪಿಲ್ಲ. ಓದುತ್ತ ಹೋದರೆ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು ಅನ್ನಿಸುತ್ತದೆ.

ಆಟ ನಮ್ಮೂರಿಗೆ ಬಂದದ್ದು ಭರಮು ಸರ್ ಅವರಿಂದ. ನಮ್ಮ ಪ್ರೌಢಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದು ನಿವೃತ್ತರಾದವರು. ಪುಣೆಯ ಮಗಳ ಮನೆಗೆ ಹೋದಾಗ ಅಲ್ಲಿಯ ಬಯಲಿನಲ್ಲಿ ಜನ ಪ್ಲಾಸ್ಟಿಕ್ ಡಿಸ್ಕ್ ಬೀಸಿ ಎಸೆದು, ದೂರದ ಕಂಬಕ್ಕೆ ಕಟ್ಟಿದ ಸರಪಳಿಯ ಬುಟ್ಟಿಯೊಳಗೆ ಬೀಳಿಸುವುದನ್ನು ಕಂಡರಂತೆ. ಡಿಸ್ಕ್ ಗಾಲ್ಫ್. ಹದಿನೆಂಟು ಬುಟ್ಟಿ, ಒಂದೊಂದಕ್ಕೂ ಒಂದೊಂದು ದಾರಿ. ಎಲ್ಲವನ್ನೂ ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಸರ್ ಬರುವಾಗ ಅರ್ಧ ಡಜನ್ ಡಿಸ್ಕ್ ತಂದರು. ಬುಟ್ಟಿಗಳನ್ನು ನಿಪ್ಪಾಣಿಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಮಾಡಿಸಿದರು. ಕಬ್ಬಿನ ಟ್ರ್ಯಾಲಿಗೆ ಬಿಗಿಯುವ ಸರಪಳಿಯನ್ನೇ ತುಂಡು ಮಾಡಿ ಅವಕ್ಕೆ ಇಳಿಬಿಟ್ಟರು. ಊರವರು ಡಿಸ್ಕಿಗೆ ತಾಟು ಎಂದು ಹೆಸರಿಟ್ಟರು. ನಮ್ಮ ರಾಜು ಕಾಕಾ, ಅಂದರೆ ಅಪ್ಪನ ತಮ್ಮ, ಮೊದಲ ದಿನ ನೋಡಲು ಬಂದು ಸರ್ ಮುಖಕ್ಕೇ ಹೇಳಿದ್ದ:

“ಏನ್ರಿ ಸರ, ಸಣ್ಣಾವ ಇದ್ದಾಗ ಊಟದ ತಾಟ ಒಗದ್ರ ನಮ್ಮವ್ವ ಬಾರಕೋಲ ತಗೋತಿದ್ಲು. ನೀವು ನೋಡಿದ್ರ ತಾಟ ಒಗದವ್ರಿಗೆ ಕಪ್ಪ ಕೊಡ್ತೀನಂತೀರಿ.”

“ನಿಮ್ಮವ್ವ ಕಪ್ಪ ಕೊಟ್ಟಿದ್ರ ನೀ ಇವತ್ತ ಎಲ್ಲಿ ಇರ್ತಿದ್ದೀಲೇ ರಾಜ್ಯಾ,” ಎಂದರು ಸರ್. ಕಾಕಾ ಕೂಡ ಅವರ ವಿದ್ಯಾರ್ಥಿಯೇ.

ಆರು ಡಿಸ್ಕುಗಳಲ್ಲಿ ಒಂದು ಸುಜಾತಾಳ ಕೈಗೆ ಹೋಯಿತು. ಆಮೇಲೆ ಅದು ಬೇರೆಯವರಿಗೆ ಸಿಗಲಿಲ್ಲ. ಸುಜಾತಾ ಮತ್ತು ನಾನು ಹತ್ತನೆಯವರೆಗೆ ಒಂದೇ ಬೆಂಚು. ಅವಳ ಅಪ್ಪ ಪಂಚಾಯಿತಿಯಲ್ಲಿ ನೀರು ಬಿಡುವ ನೌಕರ, ಅವ್ವ ಶೇವಂತವ್ವ ರಾಜು ಕಾಕಾನ ಹೊಲಕ್ಕೆ ಕೂಲಿಗೆ ಬರುವವಳು. ಅವರ ಮನೆಯೊಳಗೆ ಹೆಜ್ಜೆಯಿಟ್ಟರೆ ಎದುರಿಗೇ ಬುದ್ಧನ ಚಿತ್ರ, ಅದರ ಕೆಳಗಿನ ಹಲಗೆಯ ಮೇಲೆ ಕಾಲೇಜಿನಲ್ಲಿ ಗುಂಡು ಎಸೆದು ಅವಳು ಗೆದ್ದ ಕಪ್ಪುಗಳು. ಡಿಗ್ರಿ ಮುಗಿಸಿ ಅಥಣಿಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಹಣ್ಣು ಆರಿಸುವುದು, ಪೆಟ್ಟಿಗೆ ತುಂಬುವುದು. ಸಂಜೆ ಬಸ್ಸಿಳಿದವಳು ಮನೆಗೆ ಹೋಗುತ್ತಿರಲಿಲ್ಲ, ನೇರವಾಗಿ ಊರ ದನ ಮೇಯುವ ಬಯಲಿಗೆ, ನಮ್ಮ ಗೈರಾಣಕ್ಕೆ ಬರುತ್ತಿದ್ದಳು.

ಕೃಷ್ಣೆಯ ನೀರಿನ ಮೇಲೆ ಹೆಂಚಿನ ಚೂರು ಜಿಗಿಸುತ್ತ ಬೆಳೆದ ಕೈ ಅವಳದು. ಬಹಳ ಜನ ಡಿಸ್ಕನ್ನು ಎದೆಯ ಅಡ್ಡಕ್ಕೆ ಎಳೆದು ಹಿಂಗೈಯಲ್ಲಿ ಬಿಡುತ್ತಾರೆ. ಸುಜಾತಾ ಸೊಂಟದ ಪಕ್ಕದಿಂದ ಮುಂಗೈ ಬೀಸಿ, ನಡುಬೆರಳಿನ ತುದಿಯಿಂದ ಅದನ್ನು ಚಿಮ್ಮಿಸುತ್ತಿದ್ದಳು. ಆ ಎಸೆತ ಹೊರಟಾಗ ನೇರ ಹೋಗಿ, ಕೊನೆಗೆ ಯಾರೋ ಕರೆದ ಹಾಗೆ ಬಲಕ್ಕೆ ಹೊರಳುತ್ತಿತ್ತು.

ಕೋರ್ಸ್ ರೂಪಿಸುವ ಕೆಲಸ ನನಗೆ ಬಂತು, ನನ್ನ ಹತ್ತಿರ ಅಳೆಯುವ ಯಂತ್ರ ಇದೆ ಎಂಬ ಒಂದೇ ಕಾರಣಕ್ಕೆ. ಬೇರೆ ದೇಶಗಳ ಕೋರ್ಸ್‌ಗಳ ಚಿತ್ರ ನೋಡಿದೆ. ಎಲ್ಲ ಕಡೆ ಕಾಡು, ಮರಗಳ ನಡುವೆ ಇಕ್ಕಟ್ಟಾದ ದಾರಿ. ಡಿಸ್ಕ್ ಮರಕ್ಕೆ ಬಡಿಯದಂತೆ ಎಸೆಯುವುದೇ ಆಟದ ಕಷ್ಟ. ನಮ್ಮಲ್ಲಿ ಕಾಡಿಲ್ಲ. ಕಬ್ಬಿದೆ. ಆಳೆತ್ತರ ಬೆಳೆದ ಮೇಲೆ ಅದಕ್ಕಿಂತ ಒಳ್ಳೆಯ ಗೋಡೆ ಇಲ್ಲ. ಗೈರಾಣದ ಖಾಲಿ ಜಾಗದಿಂದ ಶುರುವಾಗಿ, ಕಾಕಾನ ಹೊಲಗಳ ನಡುವಿನ ಬಂಡಿ ದಾರಿಗಳಲ್ಲಿ ಹಾಯ್ದು, ಕಾಲುವೆಯ ಏರಿ ಹಿಡಿದು ಮರಳಿ ಗೈರಾಣಕ್ಕೆ ಬರುವಂತೆ ಹದಿನೆಂಟು ಬುಟ್ಟಿ ಹಾಕಿದೆ. ಮಳೆಗಾಲದ ಆ ನಾಲ್ಕು ತಿಂಗಳು ಮೊಣಕಾಲವರೆಗೆ ಎರೆಮಣ್ಣು ಮೆತ್ತಿಕೊಂಡು, ಒಂದೊಂದು ಬುಟ್ಟಿಯನ್ನು ಮೂರು ಮೂರು ಸಲ ಕಿತ್ತು ನೆಟ್ಟೆವು.

ಕಬ್ಬು ನಿಲ್ಲುವುದಿಲ್ಲ, ಕಡಿಯುತ್ತಾರೆ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಕಾರ್ಖಾನೆಯವರು ನಾಟಿ ಮಾಡಿದ ಕ್ರಮದಲ್ಲಿ ಪಾಳಿ ಕೊಡುತ್ತಾರೆ. ಮೊದಲು ನೆಟ್ಟವರದು ಮೊದಲು. ಅದಕ್ಕೇ ಎಲ್ಲರಿಗಿಂತ ತಡವಾಗಿ ನಾಟಿಯಾದ ಹೊಲದ ತುಂಡುಗಳನ್ನೇ ಆರಿಸಿದ್ದೆ. ಅವುಗಳ ಪಾಳಿ ಶಿವರಾತ್ರಿಯ ಹೊತ್ತಿಗೆ. ನಮ್ಮ ಪಂದ್ಯ ದಸರಾ ಮುಗಿದ ಮೇಲೆ. ಬೇಕಾದಷ್ಟು ಅಂತರವಿತ್ತು.

ಹನ್ನೆರಡನೆಯ ಬುಟ್ಟಿ ನನಗೆ ಎಲ್ಲಕ್ಕಿಂತ ಪ್ರೀತಿಯದು. ಎರಡೂ ಕಡೆ ಕಾಕಾನ ಕಬ್ಬು, ನಡುವೆ ಬಂಡಿ ದಾರಿ. ದಾರಿ ನೇರ ಹೋಗಿ ಬಾವಿಯ ಹತ್ತಿರ ಬಲಕ್ಕೆ ಹೊರಳುತ್ತದೆ. ಹೊರಳಿದ ಮೇಲೆ ಬೇವಿನ ಮರದ ಕೆಳಗೆ ಬುಟ್ಟಿ. ತೋಳಿನ ಬಲ ಎಷ್ಟಿದ್ದರೂ ನೇರ ಎಸೆಯುವವರ ಡಿಸ್ಕ್ ಕಬ್ಬಿನೊಳಗೆ ಹೋಗುತ್ತಿತ್ತು, ದಂಡದ ಎಸೆತ ಸೇರುತ್ತಿತ್ತು. ಬಲಕ್ಕೆ ಹೊರಳುವ ಎಸೆತ ಕೈಯಲ್ಲಿದ್ದವರಿಗೆ ಮಾತ್ರ ದಾರಿ. ಸುಜಾತಾ ಅಲ್ಲಿ ಒಂದು ಎಸೆತ ಉಳಿಸುತ್ತಿದ್ದಳು, ಉಳಿದವರು ಒಂದು ಕಳೆದುಕೊಳ್ಳುತ್ತಿದ್ದರು.

“ಇದು ನನಗಂತ ಮಾಡೀಯೇನ ಪದ್ದಿ?” ಎಂದು ಕೇಳಿದ್ದಳು.

“ದಾರಿ ನಿಮ್ಮಪ್ಪ ಹುಟ್ಟೂಕಿಂತ ಮೊದಲಿಂದ ಹಿಂಗ ಐತಿ. ಬುಟ್ಟಿ ಅಷ್ಟ ನಾ ಇಟ್ಟೀನಿ.”

ದೇಶದ ವೃತ್ತಿಪರ ಆಟಗಾರರ ಸುತ್ತಿನ ಒಂದು ಪಂದ್ಯ ನಮ್ಮ ಕೋರ್ಸಿಗೆ ಸಿಕ್ಕಿತು. ಕಬ್ಬಿನ ನಡುವಿನ ಕೋರ್ಸ್ ಎಲ್ಲೂ ಇಲ್ಲ ಎಂಬ ಕಾರಣಕ್ಕೆ ಮುಂಬಯಿಯ ಒಂದು ಪ್ರಸಾರ ಸಂಸ್ಥೆ ಚಿತ್ರೀಕರಣದ ಹಕ್ಕು ಕೊಂಡಿತು. ಅದೇ ಹೊತ್ತಿಗೆ ಡಿಸ್ಕ್ ತಯಾರಿಸುವ ಕಂಪನಿಯವನೊಬ್ಬ ಬಂದು ಸುಜಾತಾಳ ಆಟವನ್ನು ಒಂದು ಸಂಜೆ ನೋಡಿದ. ಮೂರು ದಿನದ ಪಂದ್ಯ. ಮೊದಲೆರಡು ದಿನ ಎಲ್ಲರೂ ಆಡುತ್ತಾರೆ, ಮೂರನೆಯ ದಿನ ಮಹಿಳೆಯರಲ್ಲಿ ಮೊದಲ ನಾಲ್ವರು ಮಾತ್ರ. ಆ ನಾಲ್ವರ ಪ್ರತಿ ಎಸೆತವನ್ನೂ ತೋರಿಸುತ್ತಾರೆ. “ಆ ನಾಲ್ಕರೊಳಗ ಬರ್ರಿ. ನಮ್ಮ ದೊಡ್ಡವ್ರು ನಿಮ್ಮ ಆಟ ಸ್ಕ್ರೀನ್ ಮ್ಯಾಲ ನೋಡ್ಲಿ. ಒಂದ್ ವರ್ಷದ ಕರಾರು ಕೊಡಸೂದು ನಂದು,” ಎಂದ. ಅಂದರೆ ಸಂಬಳ, ಊರೂರಿನ ಪಂದ್ಯಗಳು, ಶೆಡ್ಡಿಗೆ ಮತ್ತೆ ಹೋಗಬೇಕಾಗಿಲ್ಲ. ಶೇವಂತವ್ವ ಕೇಳಿದ್ದು ಒಂದೇ ಪ್ರಶ್ನೆ: “ತಾಟ ಒಗಿಯಾಕ ಪಗಾರ?” ಆಮೇಲೆ ಸೆರಗು ಬಾಯಿಗೆ ಒತ್ತಿ ಬಹಳ ಹೊತ್ತು ನಕ್ಕಳು.

ಪ್ರಸಾರದವರ ಕರಾರಿಗೆ ಭರಮು ಸರ್ ಸಹಿ ಹಾಕಿದ ಮೇಲೆ ಎರಡು ವಿಷಯ ಗೊತ್ತಾದವು. ಒಂದು, ಕೋರ್ಸಿನ ಎಲ್ಲ ದೃಶ್ಯಗಳ ಹಕ್ಕೂ ಅವರದೇ. ಬೇರೆ ಯಾರೂ ಮೊಬೈಲಿನಲ್ಲೂ ತೆಗೆಯುವಂತಿಲ್ಲ, ಹಿಂದೆ ತೆಗೆದದ್ದು ಇದ್ದರೆ ಅಳಿಸಬೇಕು. ಎರಡು, ದಿನಾಂಕವೂ ಅವರದೇ. ದಸರಾ ನಂತರ ಕ್ರಿಕೆಟ್ ಇದೆ, ಡಿಸ್ಕ್ ಗಾಲ್ಫ್ ಯಾರೂ ನೋಡುವುದಿಲ್ಲ ಎಂದು ಪಂದ್ಯವನ್ನು ಸಂಕ್ರಾಂತಿಯ ನಂತರಕ್ಕೆ ದೂಡಿದರು.

ಸರ್ ಮನೆಯ ಕಟ್ಟೆಯ ಮೇಲೆ ಕೂತು ನಾನು ವಿಡಿಯೋಗಳನ್ನು ಅಳಿಸಿದೆ. ಆಷಾಢದಿಂದ ತೆಗೆದವು. ಮಳೆಯಲ್ಲಿ ನೆನೆದ ಸುಜಾತಾ, ಗಾಳಿಗೆದುರಾಗಿ ಎಸೆಯುವ ಸುಜಾತಾ, ಹನ್ನೆರಡರಲ್ಲಿ ಒಂದೇ ಎಸೆತಕ್ಕೆ ಸರಪಳಿ ಝಲ್ ಎನ್ನಿಸಿ, ನಾನು ಕಿರುಚಿದ್ದಕ್ಕೆ ಮೊಬೈಲ್ ಅಲುಗಾಡಿದ್ದು.

“ಇದೊಂದ ಇರ್ಲಿ ಸರ್,” ಎಂದೆ.

“ಇರ್ಲಿ ಅನ್ನಾಕ ನಂಗೂ ಆಸೆ ಐತಿ ತಂಗಿ. ಸಹಿ ಮಾಡೀನಿ. ಅವ್ರಿಲ್ಲಂದ್ರ ಪಂದ್ಯಾನ ಇಲ್ಲ.”

ಸುಜಾತಾ ಕಡಲೆ ತಿನ್ನುತ್ತಿದ್ದಳು. “ಅಳಸ, ಅಳಸ. ಅದ್ರಾಗ ನಿನ್ನ ಬಾಯೀನ ಭಾಳ ಕೇಳಸ್ತೈತಿ. ಫೈನಲ್ದಾಗ ಛಲೋ ಕ್ಯಾಮೆರಾದಾಗ ಬರ್ತೀನಿ.”

ಸಂಕ್ರಾಂತಿ ಬಂತು, ಹೋಯಿತು. ಕಬ್ಬು ಎತ್ತರಕ್ಕೆ ನಿಂತಿತ್ತು, ಆದರೆ ಒಣಗಿತ್ತು. ಕೆಳಗಿನ ಎಲೆಯೆಲ್ಲ ಬಿಳುಚಿ ಕಾಗದದ ಹಾಗೆ ಸದ್ದು ಮಾಡುತ್ತಿತ್ತು. ಹೊರಗಿನ ಆಟಗಾರರು ಬಂದರು, ಕ್ಯಾಮೆರಾದವರು ಬಂದರು. ಪಂದ್ಯದ ಹಿಂದಿನ ದಿನ ಊಟದ ಹೊತ್ತಿಗೆ ಮೂಡಣ ಗಾಳಿ ಬಿಟ್ಟಿತು. ಕಾಕಾನ ಹೊಲದ ಮೇಲೆ ಜೋತಿದ್ದ ಎರಡು ವಿದ್ಯುತ್ ತಂತಿ ಒಂದಕ್ಕೊಂದು ಉಜ್ಜಿ ಕಿಡಿ ಉದುರಿತು. ದಿನಚರಿಯಲ್ಲಿ ಆ ದಿನ “ಗಾಳಿ: ಪೂರ್ವ, ಜೋರು” ಎಂದಷ್ಟೇ ಇದೆ.

ಕಬ್ಬಿಗೆ ಬೆಂಕಿ ಬಿದ್ದರೆ ಆರಿಸುವುದು ಅರ್ಧ ಕೆಲಸ ಅಷ್ಟೇ. ಹಸಿ ಟೊಂಗೆಯಿಂದ ಬಡಿದು, ನಡುವೆ ಒಂದು ಪಟ್ಟಿ ಕಡಿದು, ಬೆಂಕಿ ದಾಟದ ಹಾಗೆ ಮಾಡಿದೆವು. ಎಲೆಯೆಲ್ಲ ಹೋಗಿ ಕಪ್ಪು ಕೋಲುಗಳು ನಿಂತವು. ಸುಟ್ಟ ಕಬ್ಬಿನೊಳಗೆ ರಸ ಇರುತ್ತದೆ, ಆದರೆ ತಾಸು ತಾಸಿಗೆ ಹುಳಿಯಾಗುತ್ತದೆ, ತೂಕ ಇಳಿಯುತ್ತದೆ. ಕಾರ್ಖಾನೆಯವರು ಪಾಳಿ ಬಿಟ್ಟು ಒಳಗೆ ತೆಗೆದುಕೊಳ್ಳುತ್ತಾರೆ, ಮರುದಿನದೊಳಗೆ ತಂದರೆ. ಅದಕ್ಕೇ ನಮ್ಮ ಕಡೆ ಒಂದು ರೂಢಿ: ಯಾರದೇ ಕಬ್ಬು ಸುಡಲಿ, ಊರಲ್ಲಿದ್ದವರೆಲ್ಲ ಕಬ್ಬು ಕಡಿಯುವ ಕತ್ತಿ, ಕೊಯ್ತಾ, ಹಿಡಿದು ಬರುತ್ತಾರೆ. ಕರೆಯುವುದಿಲ್ಲ. ಕೂಲಿ ಇಲ್ಲ. ಹೊಲದವರು ಚಹಾ ಕಳಿಸಬೇಕು, ಅಷ್ಟೇ.

ನಾನೂ ಕೊಯ್ತಾ ತೆಗೆದುಕೊಂಡೆ. ಶೇವಂತವ್ವ ಆಗಲೇ ಸಾಲು ಹಿಡಿದಿದ್ದಳು. ಸುಜಾತಾ ಆಟದ ಬಟ್ಟೆಯ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟುಕೊಂಡು ಬಂದಳು.

“ಸುಜಿ, ನೀ ಬ್ಯಾಡ. ನಾಳೆ ಆಟ ಐತಿ,” ಎಂದು ಅಡ್ಡ ನಿಂತೆ.

“ಆಟ ನಾಳೆ ಐತಿ. ಕಬ್ಬ ಇವತ್ತ ಸುಟ್ಟೈತಿ.”

“ಕೈ ಹೋಗ್ತಾವ ಲೇ!”

“ನಮ್ಮವ್ವ ಒಳಗ ಅದಾಳ. ನಾ ದಂಡಿ ಮ್ಯಾಲ ನಿಂತು ಕೈ ಜ್ವಾಕಿ ಮಾಡ್ಕೋತ ನೋಡ್ಲೇನ?”

ಕಾಕಾ ಆ ಕಡೆಯಿಂದ ಕೂಗಿದ. “ಏ ಹುಡುಗಿ, ನೀ ಬೇವಿನ ಗಿಡದ ಬುಡಕ ಕೂಡ್ರು. ನಿನ್ನ ಕೈ ಈಗ ನಿಂದಲ್ಲ, ಊರಂದು.”

“ಹೋದ ವರ್ಷ ನಮ್ಮ ಕಣಕಿ ಬಣವಿಗೆ ಬೆಂಕಿ ಬಿದ್ದಾಗ ಧೋತರ ಎತ್ತಿ ಕಟ್ಕೊಂಡ ಓಡಿ ಬಂದಿದ್ರಲ್ರಿ ಕಾಕಾ. ಅವಾಗ ನಿಮ್ಮ ಕೈ ಯಾರದಿತ್ರಿ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾಕಾನೂ ನಕ್ಕು ತಲೆ ತಗ್ಗಿಸಿದ. ಶೇವಂತವ್ವ ಮಾತ್ರ ನಗಲಿಲ್ಲ. “ಇಕಿ ಯಾರ ಮಾತ ಕೇಳ್ಯಾಳ್ರಿ,” ಎಂದು ಮಗಳಿಗೆ ತನ್ನ ಪಕ್ಕದ ಸಾಲು ಬಿಟ್ಟುಕೊಟ್ಟಳು.

ಹೊರಗಿನ ಆಟಗಾರರು ರಸ್ತೆಯಲ್ಲಿ ನಿಂತು ನೋಡುತ್ತಿದ್ದರು. ಕೆಲವರು ಪಾಪ ತಾವೂ ಬರಲೇ ಎಂದು ಸನ್ನೆ ಮಾಡಿ ಕೇಳಿದರು. ಕೊಯ್ತಾ ಹಿಡಿದು ಗೊತ್ತಿಲ್ಲದವರನ್ನು ಒಳಗೆ ಬಿಡುವಂತಿರಲಿಲ್ಲ. ಯಾರೋ ಮೊಬೈಲ್ ಎತ್ತಿದಾಗ ಪ್ರಸಾರದ ಕಾವಲಿನವನು ಬಂದು ಇಳಿಸಿದ. ಕ್ಯಾಮೆರಾದವರು ಮಾತ್ರ ಸಾಲಿನ ಪಕ್ಕಕ್ಕೇ ಬಂದರು. ಅವರ ನಿರ್ದೇಶಕಿ, ನಮ್ಮ ವಯಸ್ಸಿನವಳೇ, ಸುಜಾತಾಳ ಮುಂದೆ ಮಂಡಿಯೂರಿ ಕೂತು ಬಹಳ ಹೊತ್ತು ಚಿತ್ರೀಕರಿಸಿದಳು. ಮಸಿ ಬೆವರಿನ ಜೊತೆ ಇಳಿದು ಸುಜಾತಾಳ ಮುಖದ ಮೇಲೆ ಗೆರೆ ಗೆರೆಯಾಗಿತ್ತು. ಒಮ್ಮೆ ತಲೆಯೆತ್ತಿ ನೋಡಿ, ತೋಳಿನಿಂದ ಹಣೆ ಒರೆಸಿ, ಮತ್ತೆ ಬಗ್ಗಿದಳು.

ಕತ್ತಲಾಗುವುದರೊಳಗೆ ಟ್ರ್ಯಾಲಿಗಳು ತುಂಬಿ ಹೋದವು. ಕಾಲುವೆಯಲ್ಲಿ ಕೈ ತೊಳೆಯುವಾಗ ಅವಳು ಬಲಗೈಯನ್ನು ನೀರಿನಿಂದ ಹೊರಗೆ ತೆಗೆಯಲೇ ಇಲ್ಲ. ನಾನೇ ಎಳೆದು ನೋಡಿದೆ. ನಡುಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದು ಒಡೆದು, ಚರ್ಮ ಸುಲಿದು ಕೆಂಪಗಾಗಿತ್ತು. ಡಿಸ್ಕ್ ಚಿಮ್ಮುವುದು ಆ ಜಾಗದಿಂದಲೇ.

“ಅರಿಷಿಣ ಹಚ್ಚಿದ್ರ ಬೆಳಗಾಗೂದ್ರಾಗ ಒಣಗ್ತೈತಿ,” ಎಂದಳು.

ಒಣಗಲಿಲ್ಲ. ಮೊದಲ ದಿನ ಬೆರಳಿಗೆ ಪಟ್ಟಿ ಸುತ್ತಿ ಆಡಿದಳು. ಡಿಸ್ಕ್ ಬೇಗ ಜಾರಿಹೋಗುತ್ತಿತ್ತು. ಪಟ್ಟಿ ಬಿಚ್ಚಿದರೆ ರಕ್ತ ಬರುತ್ತಿತ್ತು. ನೋವಿಗೆ ಹೆದರಿ ಹಿಂಗೈಯಲ್ಲಿ ಎಸೆದಳು, ಅದು ಅವಳ ಎಸೆತವಲ್ಲ. ಹನ್ನೆರಡಕ್ಕೆ ಬಂದಾಗ ಬಲಗಡೆಯ ಗೋಡೆ ಇರಲಿಲ್ಲ. ಕಡಿದ ಹೊಲ, ಅದರಾಚೆ ಬೇವಿನ ಮರ, ಅದರ ಕೆಳಗೆ ಬುಟ್ಟಿ ಎಲ್ಲರಿಗೂ ಕಾಣುವಂತೆ ನಿಂತಿತ್ತು. ದಾರಿಯ ಹಂಗಿಲ್ಲದೆ ಎಲ್ಲರೂ ಹೊಲದ ಮೇಲಿಂದ ನೇರ ಎಸೆದರು. ನಾನು ನಾಲ್ಕು ತಿಂಗಳು ಕೂಡಿಸಿ ಕಳೆದು ಮಾಡಿದ ಹೊರಳು ಯಾರಿಗೂ ಬೇಕಾಗಲಿಲ್ಲ. ಅಂಕ ಬರೆಯುವ ಮೇಜಿನಲ್ಲಿ ಕೂತು ಅವಳ ಹೆಸರಿನ ಮುಂದೆ ಸಂಖ್ಯೆ ಹಾಕುವುದು ನನ್ನ ಕೆಲಸವಾಗಿತ್ತು.

ಎರಡನೆಯ ದಿನ ಅವಳು ಬಿದ್ದು ಎದ್ದವಳ ಹಾಗೆ ಆಡಿದಳು. ಪಟ್ಟಿ ತೆಗೆದೆಸೆದು, ರಕ್ತ ಬಂದರೆ ಬರಲಿ ಎಂದು ಮುಂಗೈಯಲ್ಲೇ. ಅವಳ ಗುಂಪಿನ ಜೊತೆ ಕ್ಯಾಮೆರಾ ಇರಲಿಲ್ಲ. ಹಿಂದೆ ಬಿದ್ದವರ ಗುಂಪು ಅದು. ಹದಿನೇಳರಲ್ಲಿ ಕಾಲುವೆಯ ಏರಿಯ ಮೇಲಿಂದ ಅವಳು ಎಸೆದದ್ದನ್ನು ಮೇಜು ಬಿಟ್ಟು ಬಂದಿದ್ದ ನಾನು, ಶೇವಂತವ್ವ, ಎರಡು ಎಮ್ಮೆ ಮೇಯಿಸುತ್ತಿದ್ದ ಒಬ್ಬ ಮುದುಕ ನೋಡಿದೆವು. ಡಿಸ್ಕ್ ನೀರಿನ ಮೇಲೆ ಹೊರಗೆ ಹೋಗಿ, ತಿರುಗಿ, ಬುಟ್ಟಿಯ ಬುಡಕ್ಕೆ ಬಂದು ಕೂತಿತು. ಮುದುಕ ಕೈಯೆತ್ತಿ ನಮಸ್ಕಾರ ಮಾಡಿದ. ಸಂಜೆ ಕೂಡಿಸಿದಾಗ ಐದನೆಯವಳು. ನಾಲ್ಕನೆಯವಳಿಗಿಂತ ಒಂದು ಎಸೆತ ಹೆಚ್ಚು. ನಾನು ಮೂರು ಸಲ ಕೂಡಿಸಿದೆ. ಭರಮು ಸರ್ ನಾಲ್ಕನೆಯ ಸಲ ಕೂಡಿಸಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು.

ಫೈನಲ್ ದಿನ ಡಿಸ್ಕ್ ಬಿದ್ದ ಜಾಗದಲ್ಲಿ ಬಾವುಟ ಊರುವವರು ಕಡಿಮೆ ಬಿದ್ದರು. ಸುಜಾತಾ ತಾನೇ ಬಂದು ಬಾವುಟ ಕೇಳಿ ತೆಗೆದುಕೊಂಡಳು. ಹನ್ನೆರಡನೆಯ ಬುಟ್ಟಿಯ ಹತ್ತಿರ ನಿಂತಿದ್ದಾಗ ನಿರ್ದೇಶಕಿ ಮೈಕಿನಲ್ಲಿ ಕೂಗಿದಳು: “ಫ್ಲ್ಯಾಗ್‌ವಾಲೀ ಮ್ಯಾಡಮ್, ಥೋಡಾ ಬಾಹರ್. ಫ್ರೇಮ್ ಮೇ ಆ ರಹೀ ಹೋ.” ಸುಜಾತಾ ಚಿತ್ರದ ಚೌಕಟ್ಟಿನಾಚೆಗೆ, ಬೇವಿನ ಮರದ ಹಿಂದಕ್ಕೆ ಸರಿದಳು. “ಔರ್ ಥೋಡಾ.” ಇನ್ನೂ ಸರಿದಳು.

ಪಂದ್ಯ ಪ್ರಸಾರವಾಯಿತು. ಯಾರು ಗೆದ್ದರೆಂದು ಈಗ ನಮ್ಮೂರಲ್ಲೂ ಯಾರಿಗೂ ನೆನಪಿಲ್ಲ. ಜನ ನೋಡಿದ್ದು ನಡುವೆ ಹಾಕಿದ ಸಣ್ಣ ತುಣುಕನ್ನು. ಹೊಗೆ, ಕಪ್ಪು ಕಬ್ಬು, ಮಸಿ ಹಿಡಿದ ಮುಖವೆತ್ತಿ ಹಣೆ ಒರೆಸುವ ಒಬ್ಬ ಹುಡುಗಿ, ಹಿಂದೆ ಕೊಳಲು. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ರಾಯಬಾಗ, ಚಿಕ್ಕೋಡಿ ದಾಟಿ ಎಲ್ಲೆಲ್ಲಿಗೋ ಹೋಯಿತು. ಅವಳ ಹೆಸರು ಅದರಲ್ಲಿಲ್ಲ. ಅವಳು ಆಟಗಾರ್ತಿ ಎಂದೂ ಇಲ್ಲ.

ಕಂಪನಿಯವನಿಗೆ ನಾನೇ ಫೋನ್ ಮಾಡಿದೆ. “ನೋಡಿದ್ವಿರಿ. ನಮ್ಮ ದೊಡ್ಡವ್ರ ಕಣ್ಣಾಗ ನೀರ ಬಂತು,” ಎಂದ. “ಆದ್ರ ಆಟ ಕಾಣಲಿಲ್ಲಲ್ರಿ. ನಿಮ್ಮ ಹತ್ರ ಆಕಿ ಒಗಿಯೂದು ಬ್ಯಾರೆ ವಿಡಿಯೋ ಏನರ ಐತೇನ? ಒಂದರ? ನಾ ಹೆಂಗರ ಮಾಡಿ ಮಾತಾಡ್ತೀನಿ.”

ಇರಲಿಲ್ಲ. ಅಳಿಸಿದ್ದನ್ನು ಮರಳಿ ತೆಗೆಯಲು ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಮೊಬೈಲನ್ನು ಚಿಕ್ಕೋಡಿಗೆ ಒಯ್ದೆ. ಅಂಗಡಿಯವನು ಅರ್ಧ ದಿನ ಕೂತು ನನ್ನ ಹೊಲಗಳ ನಕ್ಷೆಗಳನ್ನೆಲ್ಲ ಹೊರತೆಗೆದುಕೊಟ್ಟ, ಅವಳನ್ನಲ್ಲ. ಪ್ರಸಾರದವರಿಗೆ ಪತ್ರ ಬರೆದೆ. ಆ ಗುಂಪನ್ನು ಚಿತ್ರೀಕರಿಸಿಲ್ಲ, ಕಬ್ಬಿನ ದೃಶ್ಯದ ಹಕ್ಕು ನಮ್ಮದು, ಅನುಮತಿಯಿಲ್ಲದೆ ಬಳಸಬೇಡಿ ಎಂದು ಉತ್ತರ ಬಂತು. ಅವಳ ಜೊತೆ ಆಡುತ್ತಿದ್ದವರನ್ನು ಬಿಟ್ಟರೆ ಹದಿನೇಳರ ಆ ಎಸೆತವನ್ನು ಕಂಡವರು ನಾವು ಮೂವರೇ. ಅದರಲ್ಲಿ ಮುದುಕನ ಹೆಸರೂ ನನಗೆ ಗೊತ್ತಿಲ್ಲ.

ಮರುವರ್ಷ ಪಂದ್ಯ ಬೇರೆ ರಾಜ್ಯಕ್ಕೆ ಹೋಯಿತು. ಭರಮು ಸರ್ ಗೈರಾಣದ ಕಡೆ ಬರುವುದನ್ನು ಬಿಟ್ಟರು. ಬುಟ್ಟಿಗಳು ಒಂದೊಂದಾಗಿ ಕಾಣೆಯಾದವು. ಸುಜಾತಾಳ ಬೆರಳು ವಾಸಿಯಾಯಿತು. ಅದರ ತುದಿಯಲ್ಲಿ ಚರ್ಮ ದಪ್ಪಗಾಗಿದೆ, ಡಿಸ್ಕಿನ ಅಂಚು ತಾಗಿದ್ದೇ ತಿಳಿಯುವುದಿಲ್ಲ ಎನ್ನುತ್ತಾಳೆ. ಒಮ್ಮೆ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಎರಡು ಎಸೆದಳು. ಎರಡೂ ನೇರ ಹೋಗಿ ಬಿದ್ದವು. ಹೆಕ್ಕಿ ತಂದು ನನ್ನ ಚೀಲದೊಳಗೆ ಹಾಕಿದಳು.

ಮಂಗಸೂಳಿಯಿಂದ ಬಂದ ಮರುದಿನ ಅಥಣಿಗೆ ಹೋಗಿದ್ದೆ. ಶೆಡ್ಡು ಬಿಡುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಅವಳ ಜೊತೆ ನಿಂತೆ. ಕೈಗೆ ದ್ರಾಕ್ಷಿಯ ಅಂಟು, ಡಬ್ಬಿಯ ಚೀಲ. ಶೆಡ್ಡಿನಲ್ಲಿ ಕೆಲಸ ಮಾಡಿಸುವ ಮುಕಾದಮ ಹೊಸ ಹಲ್ಲು ಕಟ್ಟಿಸಿದ ಕತೆ ಹೇಳಿ ನಗಿಸುತ್ತಿದ್ದಳು. ಇಬ್ಬರು ಕಾಲೇಜು ಹುಡುಗಿಯರು ದೂರದಿಂದ ನೋಡುತ್ತಿದ್ದವರು, ಒಬ್ಬಳನ್ನೊಬ್ಬಳು ದೂಡುತ್ತ ಹತ್ತಿರ ಬಂದರು.

“ಅಕ್ಕಾರ, ಆ ಕಬ್ಬ ಸುಟ್ಟಿದ್ದ ವಿಡಿಯೋದಾಗ ಇರಾವ್ರು ನೀವ ಅಲ್ರಿ?”

ಸುಜಾತಾ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

“ಅಲ್ಲವ್ವಾ,” ಎಂದಳು. “ಆಕಿ ಬ್ಯಾರೆ.”